ಮುಡುಕುತೊರೆಯಿಂದ ಕಂಡ ತಲಕಾಡು

ತಲಕಾಡಿಗೆ ಹೋಗಿ ಬಂದವರನ್ನು ಅಲ್ಲಿ ಏನು ಕಂಡಿರಿ ಎಂದು ಕೇಳಿದರೆ ಬಹುಮಟ್ಟಿಗೆ ಎಲ್ಲರ ಬಾಯಲ್ಲೂ ಬರುವುದು ಎರಡೇ ಮಾತು: ಒಂದು ಮರಳು, ಇನ್ನೊಂದು ಶಾಪ. ಮೂರನೆಯ ಮಾತು ಹೊರಡಬೇಕಾದರೆ ಅವರು ಮುಡುಕುತೊರೆಯ ಗುಡ್ಡವನ್ನು ಹತ್ತಿರಬೇಕು. ಆದರೆ ಮೈಸೂರಿನಿಂದ ಬೆಳಗ್ಗೆ ಹೊರಟು ರಾತ್ರಿ ಹಿಂದಿರುಗುವ ಪ್ರವಾಸದ ಬಸ್ಸುಗಳು ಆ ಗುಡ್ಡದ ಬುಡದಲ್ಲಿ ನಿಲ್ಲುವುದು ಅಪರೂಪ. ನಿಂತರೂ ಹೊತ್ತು ಇಳಿದ ಮೇಲೆ. ಮಕ್ಕಳು ದಣಿದು, ಹಿರಿಯರ ಮಂಡಿ ನೋಯುತ್ತಿರುವಾಗ. ಮೆಟ್ಟಿಲುಗಳನ್ನು ಕೆಳಗಿನಿಂದಲೇ ನೋಡಿ, ಮಲ್ಲಿಕಾರ್ಜುನನಿಗೆ ಅಲ್ಲಿಂದಲೇ ಕೈಮುಗಿದು, ಮತ್ತೆ ಬಸ್ಸು ಹತ್ತುವವರೇ ಹೆಚ್ಚು.

ಇಂಥ ತಂಡಗಳ ಸಂಗಡ ನಾನೂ ಹಲವು ಸಲ ಹೋಗಿದ್ದೇನೆ. ಪ್ರವಾಸದ ಕ್ರಮ ಬಹುತೇಕ ಒಂದೇ. ಮೊದಲು ಸೋಮನಾಥಪುರ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತಷ್ಟೆ. ಅಂದಿನಿಂದ ಅಲ್ಲಿ ಕಳೆಯುವ ಹೊತ್ತು ಇನ್ನಷ್ಟು ಹೆಚ್ಚಿದೆ, ಅದು ತಪ್ಪೂ ಅಲ್ಲ. ಅನಂತರ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮ, ಗುಂಜಾ ನರಸಿಂಹನ ದರ್ಶನ, ಊಟ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಇಳಿಯುವ ಮೊದಲೇ ತಲಕಾಡು. ಮರಳು ಕಾದು ಕಾಲು ಸುಡುವ ಹೊತ್ತಿನಲ್ಲಿ ಮಾರ್ಗದರ್ಶಿ ತನ್ನ ಕಥೆಯನ್ನು ತೆಗೆಯುತ್ತಾನೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನು ಕಾಯಿಲೆಬಿದ್ದು ತಲಕಾಡಿಗೆ ಬಂದನು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ತಿರುಮಲರಾಜನ ಮಡದಿ ಅಲಮೇಲಮ್ಮನ ಬಳಿ ಇದ್ದ ಒಡವೆಗಳಿಗಾಗಿ ಆಳುಗಳನ್ನು ಕಳುಹಿದರು. ಆಕೆ ಒಡವೆಗಳನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ಹಾರುವ ಮುನ್ನ ಮೂರು ಶಾಪ ಕೊಟ್ಟಳು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದ ಬಾಳು. ಒಳ್ಳೆಯ ಮಾರ್ಗದರ್ಶಿಯ ಬಾಯಲ್ಲಿ ಈ ಕಥೆ ಇಪ್ಪತ್ತು ನಿಮಿಷ ನಡೆಯುತ್ತದೆ. ಅರಮನೆಯ ದತ್ತಕಗಳ ಲೆಕ್ಕ ಬಂತೆಂದರೆ ಇನ್ನು ಹತ್ತು ನಿಮಿಷ. ಅಷ್ಟರಲ್ಲಿ ಬಸ್ಸಿನ ಚಾಲಕ ಹಾರನ್ ಮಾಡುತ್ತಾನೆ. ಕೀರ್ತಿನಾರಾಯಣನನ್ನೂ ವೈದ್ಯೇಶ್ವರನನ್ನೂ ಓಡುನಡಿಗೆಯಲ್ಲಿ ಕಂಡು ಹಿಂದಿರುಗುವುದು.

ನನಗೆ ಈ ಕಥೆಯ ಮೇಲೆ ಮುನಿಸಿಲ್ಲ. ಗಂಡನ ಅಧಿಕಾರವನ್ನೂ ಮನೆಯನ್ನೂ ಕಳೆದುಕೊಂಡ ಹೆಂಗಸೊಬ್ಬಳ ನೋವನ್ನು ನಾಲ್ಕು ಶತಮಾನ ಮರೆಯದೆ ಇಟ್ಟುಕೊಂಡ ಜನರ ಮೇಲೆ ಮುನಿಯುವುದಾದರೂ ಹೇಗೆ? ಅದೂ ಗೆದ್ದ ಅರಸರ ನಾಡಿನಲ್ಲಿಯೇ, ಅವರ ವಂಶ ಆಳುತ್ತಿದ್ದಾಗಲೇ, ಸೋತವಳ ಪರವಾಗಿ ಹೇಳಿಕೊಂಡು ಬಂದ ಕಥೆ ಇದು. ನನ್ನ ತಕರಾರು ಬೇರೆ. ಈ ಕಥೆ ತಲಕಾಡಿನ ಚರಿತ್ರೆಯನ್ನು 1610ರಲ್ಲಿ ಪ್ರಾರಂಭ ಮಾಡಿ ಅಲ್ಲಿಯೇ ಮುಗಿಸಿಬಿಡುತ್ತದೆ. ಮರಳಿನ ಕೆಳಗೆ ಹೂತಿರುವುದು ಏನೆಂಬ ಪ್ರಶ್ನೆಯೇ ಏಳುವುದಿಲ್ಲ. ಯಾರು ಹೂಳಿದರು ಎಂಬುದಷ್ಟೆ ಉಳಿಯುತ್ತದೆ.

ಹೂತಿರುವುದು ಸಣ್ಣ ಊರಲ್ಲ. ಗಂಗರು ಕೋಲಾರವನ್ನು ಬಿಟ್ಟು ಐದನೆಯ ಶತಮಾನದ ಸುಮಾರಿಗೆ ಇಲ್ಲಿಗೆ ಬಂದು ನೆಲೆಸಿದರು. ಅವರ ತಾಮ್ರಶಾಸನಗಳಲ್ಲಿ ಇದರ ಹೆಸರು ತಲವನಪುರ. ಕನ್ನಡ ಗದ್ಯಕಾರರಲ್ಲಿ ಒಬ್ಬನೆಂದು ಕವಿರಾಜಮಾರ್ಗವು ಹೆಸರಿಸುವ ದುರ್ವಿನೀತನು ಈ ವಂಶದ ಅರಸನೇ ಎಂದು ವಿದ್ವಾಂಸರು ಹೇಳುತ್ತಾರೆ. ಆನೆಗಳ ವಿಷಯವಾಗಿ ಗ್ರಂಥ ಬರೆದ ಅರಸರೂ ಈ ವಂಶದಲ್ಲಿದ್ದರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಕೊನೆಗಾಲದ ಗಂಗರ ಮಂತ್ರಿ. ಹನ್ನೊಂದನೆಯ ಶತಮಾನದ ಪ್ರಾರಂಭದಲ್ಲಿ ಚೋಳರು ಊರನ್ನು ಹಿಡಿದು ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷಕ್ಕೂ ಮೀರಿ ಅದು ಅವರ ಕೈಯಲ್ಲಿತ್ತು. ಹೊಯ್ಸಳ ವಿಷ್ಣುವರ್ಧನನು 1116ರ ಸುಮಾರಿಗೆ ಅದನ್ನು ಗೆದ್ದುದು ಎಷ್ಟು ದೊಡ್ಡ ಸಂಗತಿಯೆಂದರೆ, ‘ತಲಕಾಡುಗೊಂಡ’ ಎಂಬುದೇ ಅವನ ಬಿರುದಾಯಿತು. ಅದನ್ನು ಕನ್ನಡ ಅಕ್ಷರಗಳಲ್ಲಿ ಚಿನ್ನದ ನಾಣ್ಯಗಳ ಮೇಲೆ ಒತ್ತಿಸಿದನು. ಆ ಗೆಲುವಿನ ನೆನಪಿಗೆ ಕಟ್ಟಿಸಿದ್ದೇ ಕೀರ್ತಿನಾರಾಯಣ ದೇವಾಲಯ. ಒಂದು ಊರಿನ ಹೆಸರನ್ನು ನಾಣ್ಯದ ಮೇಲೆ ಹೊತ್ತು ತಿರುಗುವುದೆಂದರೆ ಆ ಊರು ಆಗಿನ ಕಾಲಕ್ಕೆ ಏನಾಗಿತ್ತೆಂದು ಊಹಿಸಿಕೊಳ್ಳಬಹುದು.

1992-93ರಿಂದ ಮುಂದೆ ರಾಜ್ಯದ ಪುರಾತತ್ತ್ವ ನಿರ್ದೇಶನಾಲಯದವರು ಇಲ್ಲಿ ಉತ್ಖನನ ನಡೆಸಿದಾಗ ಜೈನ ಬಸದಿಯ ಅವಶೇಷಗಳು ಹೊರಬಂದವು. ಪಂಚಲಿಂಗಗಳ ಕ್ಷೇತ್ರವೆಂದು ನಾವು ಬಲ್ಲ ಊರಿನಲ್ಲಿ ಬಸದಿಗಳೂ ಇದ್ದುವೆಂಬುದನ್ನು ಪ್ರವಾಸಿಗರಲ್ಲಿ ಎಷ್ಟು ಮಂದಿ ಕೇಳಿದ್ದಾರು? ಕೇಳದಿರುವುದು ಅವರ ತಪ್ಪಲ್ಲ, ಹೇಳುವವರು ಬೇಕಲ್ಲ.

ಇನ್ನು ಮುಡುಕುತೊರೆ. ಸೋಮಗಿರಿ ಎಂದು ಕರೆಯುವ ಗುಡ್ಡದ ಮೇಲೆ ಭ್ರಮರಾಂಬಾ ಸಮೇತನಾದ ಮಲ್ಲಿಕಾರ್ಜುನ, ಕೆಳಗೆ ಕಾವೇರಿ. ಮಾಘಮಾಸದ ಸುಮಾರಿಗೆ ಇಲ್ಲಿ ನಡೆಯುವ ಜಾತ್ರೆ, ಅದಕ್ಕಿಂತಲೂ ಅದರೊಡನೆ ಸೇರುವ ದನಗಳ ಜಾತ್ರೆ, ಈ ಸೀಮೆಯ ರೈತರಿಗೆಲ್ಲ ಗೊತ್ತು. ಹಳ್ಳಿಕಾರ್ ಹೋರಿಗಳ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡುವುದಕ್ಕಾದರೂ ಒಮ್ಮೆ ಆ ದಿನಗಳಲ್ಲಿ ಹೋಗಬೇಕು.

ಊರಿನ ಹೆಸರಿನಲ್ಲಿಯೇ ನಮಗೆ ಬೇಕಾದ ಅರ್ಥವಿದೆ. ಮುಡುಕು ಎಂದರೆ ಮೂಲೆ, ತಿರುವು. ತೊರೆ ಮುಡುಕಿದ ಜಾಗವೇ ಮುಡುಕುತೊರೆ. ಹೆಸರಿಟ್ಟವರು ಪುರಾಣಕ್ಕೆ ಹೋಗಲಿಲ್ಲ, ಅರಸರ ಹೆಸರನ್ನೂ ಹುಡುಕಲಿಲ್ಲ; ಹೊಳೆ ಮಾಡಿದ್ದನ್ನು ಕಂಡು ಹಾಗೆಯೇ ಹೇಳಿದರು. ಗುಡ್ಡದ ಮೇಲೆ ನಿಂತು ನೋಡಿದರೆ ಅವರು ಕಂಡದ್ದು ನಮಗೂ ಕಾಣುತ್ತದೆ. ಬಯಲಿನಲ್ಲಿ ನೇರವಾಗಿ ಬರುವ ಹೊಳೆ ಇಲ್ಲಿ ಸೊಂಟ ತಿರುಗಿಸಿದಂತೆ ಬಾಗಿ, ಗದ್ದೆಗಳ ಹಸಿರನ್ನು ಸುತ್ತಿಕೊಂಡು, ತಲಕಾಡಿನ ಕಡೆಗೆ ಹೋಗುತ್ತದೆ. ಒಂದು ಕಡೆ ಬೆಳ್ಳನೆಯ ಮರಳಿನ ಹರವು; ಇನ್ನೊಂದು ಕಡೆ ಕಡಿದಾದ ದಡ, ಕಪ್ಪು ನೀರು.

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರನ್ನು ಒಮ್ಮೆ ಕೇಳಿದೆ: “ಏನು ಯಜಮಾನರೆ, ಈ ಮರಳೆಲ್ಲ ಅಲಮೇಲಮ್ಮನ ಶಾಪದಿಂದ ಬಂದದ್ದೆ?”

ಅವರು ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿ ಹೇಳಿದರು: “ಅವ್ವನ ಶಾಪ ಇಲ್ಲ ಅಂತ ಅನ್ನಕ್ಕಾಗದು ಸ್ವಾಮಿ. ಆದ್ರೆ ಹೊಳೆ ಬುದ್ಧಿನೇ ಅಂಗೆ. ಮುಡುಕಿದ ಕಡೆ ಒಂದು ದಡವ ತಿಂತದೆ, ಇನ್ನೊಂದು ದಡಕ್ಕೆ ಕಕ್ತದೆ.”

ಭೂಗೋಳದ ಪುಸ್ತಕಗಳು ಒಂದು ಪುಟ ತೆಗೆದುಕೊಂಡು ಹೇಳುವುದೂ ಇದನ್ನೇ. ಬಾಗಿ ಹರಿಯುವ ನದಿಯಲ್ಲಿ ಹೊರಬಾಗಿನ ದಡಕ್ಕೆ ನೀರಿನ ಸೆಳೆತ ಹೆಚ್ಚು. ಅಲ್ಲಿ ಮಣ್ಣು ಕೊಚ್ಚಿ ಮಡು ಬೀಳುತ್ತದೆ. ಒಳಬಾಗಿನಲ್ಲಿ ನೀರಿನ ಓಟ ನಿಧಾನ. ಹೊತ್ತು ತಂದ ಮರಳನ್ನು ಅಲ್ಲಿ ಇಳಿಸುತ್ತದೆ. ಈಗ ಶಾಪದ ಮೊದಲೆರಡು ಭಾಗಗಳನ್ನು ಮತ್ತೆ ನೆನೆಯಿರಿ. ತಲಕಾಡು ಒಂದು ದಡದಲ್ಲಿ, ಮಾಲಂಗಿ ಅದರ ಎದುರು ದಡದಲ್ಲಿ. ಒಂದಕ್ಕೆ ಮರಳು, ಇನ್ನೊಂದಕ್ಕೆ ಮಡು. ಒಂದು ಬಾಗಿನ ಎರಡು ದಡಗಳಲ್ಲಿ ಹೊಳೆ ಜೊತೆಜೊತೆಗೇ ಮಾಡುವ ಎರಡು ಕೆಲಸಗಳನ್ನು ಶಾಪವು ಒಂದೇ ಉಸಿರಿನಲ್ಲಿ ಹೇಳಿದೆ! ಕಥೆ ಕಟ್ಟಿದವರು ಹೊಳೆಯ ದಂಡೆಯಲ್ಲಿ ಬಾಳಿದವರು, ಅದರ ನಡತೆಯನ್ನು ತಲೆಮಾರುಗಳಿಂದ ನೋಡಿದವರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಶಾಪವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವಿದ್ಯಾವಂತರೂ, ಅಕ್ಷರಶಃ ನಂಬುವ ಭಕ್ತರೂ, ಅದರಲ್ಲಿರುವ ಈ ತಿಳಿವಳಿಕೆಯನ್ನು ಒಂದೇ ಸಮನಾಗಿ ಕಳೆದುಕೊಳ್ಳುತ್ತಾರೆ.

ಬಾಗೊಂದೇ ಸಾಲದು, ಬಾಗಿದ ನದಿಗಳೆಲ್ಲ ಪಟ್ಟಣಗಳನ್ನು ಹೂಳುವುದಿಲ್ಲ. ತಲಕಾಡಿನ ಮೇಲ್ಗಡೆ ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟಿಸಿದನೆಂದು ಹೇಳುವ ಅಣೆಕಟ್ಟೊಂದಿದೆ. ಅದರ ನಾಲೆಯಿಂದಲೇ ಈ ಸುತ್ತಿನ ಗದ್ದೆಗಳಿಗೆ ನೀರು. ಅಣೆ ಕಟ್ಟಿದ ಮೇಲೆ ಹೊಳೆಯ ಓಟ ಬದಲಾಗಿ, ಬೇಸಗೆಯಲ್ಲಿ ಪಾತ್ರ ಒಣಗಿ, ಮರಳು ಹೆಚ್ಚು ಬಯಲಾಯಿತೆಂದೂ, ನೈಋತ್ಯದ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯಿತೆಂದೂ ಕೆಲವರು ಊಹಿಸಿದ್ದಾರೆ. ಭೂಮಿಯ ಒಳಪದರಗಳ ಚಲನೆಯಿಂದ ಕಾವೇರಿಯ ದಾರಿಯೇ ಇಲ್ಲಿ ವ್ಯತ್ಯಾಸವಾಯಿತೆಂದು ಹೇಳುವ ಭೂವಿಜ್ಞಾನಿಗಳೂ ಇದ್ದಾರೆ. ಎರಡೂ ಸೇರಿರಬಹುದು. ಅಣೆಕಟ್ಟೇ ಕಾರಣವೆಂದಾದರೆ ಒಂದು ವಿಚಿತ್ರವನ್ನು ಗಮನಿಸಬೇಕು: ಊರಿಗೆ ಅನ್ನ ಕೊಟ್ಟದ್ದೂ ಅದೇ, ಊರನ್ನು ಮುಚ್ಚಿದ್ದೂ ಅದೇ.

ಲೂಯಿ ರೈಸ್ ಸಾಹೇಬರ ಗೆಜೆಟಿಯರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡುವ ಚಿತ್ರ ಶಾಪಕ್ಕಿಂತ ಹೆಚ್ಚು ಮನಕಲಕುವಂಥದು. ಸುಮಾರು ಒಂದು ಮೈಲಿ ಉದ್ದದ ಮರಳುಗುಡ್ಡಗಳು. ಅವುಗಳ ಕೆಳಗೆ ಮೂವತ್ತಕ್ಕೂ ಮಿಕ್ಕಿದ ದೇವಾಲಯಗಳಿವೆಯೆಂದು ಪ್ರತೀತಿ. ಮರಳು ಮುಖ್ಯವಾಗಿ ಮುಂಗಾರಿನ ಗಾಳಿಗೆ ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಊರಿನ ಮೇಲೆ ನಡೆದು ಬರುತ್ತಿತ್ತು. ಜನ ಮನೆಗಳನ್ನು ಬಿಟ್ಟು ಬಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಒಂದು ವರ್ಷದಲ್ಲಿ ಒಂಬತ್ತಡಿ ಎಂದರೆ ಏನು? ಈ ವರ್ಷ ಹಿತ್ತಿಲು, ಬರುವ ವರ್ಷ ಅಡಿಗೆಮನೆ, ಅದರಾಚೆಗೆ ನಡುಮನೆ. ಮಗಳ ಮದುವೆ ಮಾಡಿದ ಜಗಲಿಯ ಮೇಲೆ ಮೊಮ್ಮಗು ಹುಟ್ಟುವ ಹೊತ್ತಿಗೆ ಮರಳು. ಯಾವ ದೊರೆಯೂ ದಂಡೆತ್ತಿ ಬಂದುದಲ್ಲ, ಯಾರನ್ನೂ ಬೈಯುವಂತಿಲ್ಲ. ಹೀಗೆ ಸದ್ದಿಲ್ಲದೆ ಮನೆ ಕಳೆದುಕೊಂಡವರಿಗೆ ಬೈಯಲು ಒಬ್ಬ ಅರಸನೂ ಅಳಲು ಒಬ್ಬ ತಾಯಿಯೂ ಬೇಕಾಗಿದ್ದರೆ ಆಶ್ಚರ್ಯವೇನು? ತಲೆಮಾರಿನ ಮೇಲೆ ತಲೆಮಾರು ಹಿಂದಕ್ಕೆ ಸರಿದ ಆ ಕುಟುಂಬಗಳ ಮಾತನ್ನು ಯಾವ ಮಾರ್ಗದರ್ಶಿಯೂ ಎತ್ತಿದ್ದನ್ನು ನಾನು ಕೇಳಿಲ್ಲ.

ಮಾರ್ಗದರ್ಶಿಯ ಮಾತಿಗೆ ಇಷ್ಟು ತೂಕ ಕೊಡಬೇಕೇ, ಅದು ಬರಿಯ ಹೊತ್ತು ಕಳೆಯುವ ಹರಟೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಅವರಿಗೆ ದೂರದ ಒಂದು ಊರಿನ ಕಥೆ ಹೇಳಬೇಕಾಗಿದೆ. ಆಫ್ರಿಕದ ದಕ್ಷಿಣ ಭಾಗದಲ್ಲಿ ಮಹಾ ಜಿಂಬಾಬ್ವೆ ಎಂಬ ಪಾಳುಪಟ್ಟಣವಿದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಮೂವತ್ತಡಿಗೂ ಮೀರಿ ಎಬ್ಬಿಸಿದ ಗೋಡೆಗಳು. ಅಲ್ಲಿಗೂ ಮಸ್ವಿಂಗೊ ಎಂಬ ಊರಿನಿಂದ ಜನ ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಅಲ್ಲಿಯೂ ಒಂದು ಗುಡ್ಡವಿದೆ. ಹತ್ತಿ ನಿಂತರೆ ಕೆಳಗಿನ ಮಹಾ ಆವರಣ ಪೂರ್ತಿ ಕಾಣುತ್ತದೆ. 1871ರಲ್ಲಿ ಅದನ್ನು ಕಂಡ ಜರ್ಮನಿಯ ಕಾರ್ಲ್ ಮೌಖ್ ಎಂಬಾತ, ಇದು ಶೀಬಾ ರಾಣಿಗೆ ಸೇರಿದ್ದೆಂದು ಕಥೆ ಕಟ್ಟಿದ. ಕರಿಯ ಜನ ಇಂಥದನ್ನು ಕಟ್ಟಿಯಾರೆಂಬುದು ಅಲ್ಲಿಗೆ ಹೋಗಿ ನೆಲೆಸಿದ ಬಿಳಿಯರಿಗೆ ರುಚಿಸಲಿಲ್ಲ. 1905ರಲ್ಲಿ ರಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಎಂಬ ವಿದುಷಿ, ಅಗೆದು ಪರೀಕ್ಷಿಸಿ, ಇದು ಆಫ್ರಿಕನರದೇ ಕೆಲಸವೆಂದು ತೋರಿಸಿಕೊಟ್ಟರು. ಆದರೂ ಅಲ್ಪಸಂಖ್ಯಾತ ಬಿಳಿಯರ ಸರ್ಕಾರದ ಕಾಲದಲ್ಲಿ ಪ್ರವಾಸಿಗರಿಗೆ ಆ ಮಾತನ್ನು ಸ್ಪಷ್ಟವಾಗಿ ಹೇಳದಂತೆ ಒತ್ತಾಯವಿತ್ತು. ಹೇಳಿದ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಸ್ವತಂತ್ರವಾದಾಗ ಆ ನಾಡು ತನ್ನ ಹೆಸರನ್ನೇ ಆ ಕಲ್ಲುಮನೆಗಳಿಂದ ತೆಗೆದುಕೊಂಡಿತು. ಪಾಳುಗೋಡೆಯ ಮುಂದೆ ನಿಂತವನು ಹೇಳುವ ಹತ್ತು ವಾಕ್ಯಗಳಿಗಾಗಿ ಸರ್ಕಾರವೇ ಹೆದರಿದ್ದುಂಟು.

ನಮ್ಮಲ್ಲಿ ಅಂಥ ಬಲವಂತವೇನೂ ಇಲ್ಲ. ಇರುವುದು ಸೋಮಾರಿತನ; ಬಸ್ಸಿನ ವೇಳೆ. ಒತ್ತಾಯದಿಂದ ಮರೆಯಾದರೂ ಸೋಮಾರಿತನದಿಂದ ಮರೆಯಾದರೂ ಕೇಳುವ ಹುಡುಗನ ಪಾಲಿಗೆ ಗಂಗರು ಇಲ್ಲವಾಗುವುದು ಒಂದೇ ರೀತಿ.

ಇದಕ್ಕೆ ಹೊಸದೊಂದು ಏರ್ಪಾಡನ್ನು ಕಲ್ಪಿಸಬೇಕಾಗಿಲ್ಲ, ಹಳೆಯದೇ ಸಾಕು. ಮಾರ್ಗದರ್ಶಿಯೊಡನೆ ಒಂದೇ ದಿನದಲ್ಲಿ ಸುತ್ತಿ ಬರುವ ಪ್ರವಾಸವನ್ನು ಈ ಸೀಮೆಯವರು ಬಹು ಹಿಂದೆಯೇ ಕಂಡುಕೊಂಡಿದ್ದರು. ಅದೇ ಪಂಚಲಿಂಗ ದರ್ಶನ. ಕಾರ್ತಿಕಮಾಸದ ಕೊನೆಯ ಅಮಾವಾಸ್ಯೆ ಸೋಮವಾರ ಬಿದ್ದು, ನಕ್ಷತ್ರಯೋಗಗಳು ಕೂಡಿದ ವರ್ಷ ಅದು ನಡೆಯುತ್ತದೆ. 2009, 2013, 2020 ಈಚಿನವು. ಗೋಕರ್ಣ ತೀರ್ಥದಲ್ಲಿ ಮಿಂದು ವೈದ್ಯೇಶ್ವರನಿಂದ ಹೊರಟು, ಹೊಳೆಯ ನಾಲ್ಕು ದಿಕ್ಕಿನ ನೀರಿನಲ್ಲಿ ಸ್ನಾನ ಮಾಡುತ್ತ, ಅರ್ಕೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಮಲ್ಲಿಕಾರ್ಜುನರನ್ನು ಕಂಡು, ಕೀರ್ತಿನಾರಾಯಣನ ಸನ್ನಿಧಿಯಲ್ಲಿ ಮುಗಿಸಬೇಕೆಂದು ಕ್ರಮ. ಅದರ ಪುಣ್ಯದ ಲೆಕ್ಕವನ್ನು ಬಲ್ಲವರು ಹೇಳಲಿ. ನನಗೆ ಮುಖ್ಯವಾಗಿ ಕಾಣುವುದು, ಆ ದಾರಿ ಯಾತ್ರಿಕನನ್ನು ಹೊಳೆಯ ಬಾಗಿನ ಸುತ್ತ ನಡೆಸುತ್ತದೆ ಎಂಬುದು. ನೀರು ಎತ್ತ ತಿರುಗಿತೆಂದು ಅವನು ಕಣ್ಣಿನಿಂದಲ್ಲ, ಮೈಯಿಂದ ತಿಳಿಯುತ್ತಾನೆ. ಮುಡುಕುತೊರೆಯನ್ನು ಬಿಟ್ಟರೆ ಲೆಕ್ಕ ನಾಲ್ಕಕ್ಕೇ ನಿಲ್ಲುತ್ತದೆ. ತಾಲ, ಕಾಡ ಎಂಬ ಬೇಡರು ಆನೆಗಳು ಪೂಜಿಸುತ್ತಿದ್ದ ಬೂರುಗದ ಮರಕ್ಕೆ ಕೊಡಲಿ ಹಾಕಿದ ಕಥೆಯನ್ನು ಪುರೋಹಿತರು ಆ ದಾರಿಯಲ್ಲಿ ಹೇಳುತ್ತಿದ್ದರು. ಅದೂ ಕಥೆಯೇ, ಆದರೆ ಅದರಲ್ಲಿ ಊರು ಪ್ರಾರಂಭವಾಗುತ್ತದೆ, ಶಾಪದ ಕಥೆಯಲ್ಲಿ ಮುಗಿಯುತ್ತದೆ.

ಹಾಗಾಗಿ ನನ್ನೊಡನೆ ಬರುವವರನ್ನು ಬೇರೊಂದು ಕ್ರಮದಲ್ಲಿ ಕರೆದೊಯ್ಯುತ್ತೇನೆ. ಸೋಮನಾಥಪುರಕ್ಕೆ ಇನ್ನೊಂದು ದಿನ. ಮೊದಲು ನರಸೀಪುರದ ಸಂಗಮ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತ ಬಂದಿರುವುದರಿಂದ ಸಂಗಮದ ಪುಣ್ಯ ಎಲ್ಲರಿಗೂ ತಿಳಿದಿದೆ. ಅದರ ಪ್ರಾಚೀನತೆ ಅಷ್ಟಾಗಿ ತಿಳಿದಿಲ್ಲ. 1959ರಿಂದ 1962ರವರೆಗಿನ ಅವಧಿಯಲ್ಲಿ ಎಂ. ಶೇಷಾದ್ರಿಯವರು ಸಂಗಮದ ಸಮೀಪ ಅಗೆಸಿದಾಗ ನವಶಿಲಾಯುಗದ ಜನರ ನೆಲೆ ದೊರೆಯಿತು. ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳು, ಬೂದುಬಣ್ಣದ ಮಡಕೆಗಳು, ಸಮಾಧಿಗಳು. ಅಲ್ಲಿ ಸಿಕ್ಕಿದ ಒಂದು ವಸ್ತು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ: ಸುಟ್ಟ ಮಣ್ಣಿನ ತಲೆದಿಂಬು. ಅಂಥ ತಲೆದಿಂಬುಗಳನ್ನು ಪ್ರಾಚೀನ ಈಜಿಪ್ಟಿನವುಗಳೊಡನೆ ವಿದ್ವಾಂಸರು ಹೋಲಿಸಿದ್ದಾರೆ. ಮಹಾ ಜಿಂಬಾಬ್ವೆಯನ್ನು ಕಟ್ಟಿದವರ ಸಂತತಿಯವರಾದ ಶೋನಾ ಜನರಲ್ಲಿಯೂ ಮರದಲ್ಲಿ ಕೆತ್ತಿದ ತಲೆದಿಂಬು ಇತ್ತು. ಅದರ ಮೇಲೆ ಮಲಗಿದವನು ಕನಸಿನಲ್ಲಿ ಹಿರಿಯರನ್ನು ಕಂಡು ಬರುತ್ತಾನೆಂದು ಅವರ ನಂಬಿಕೆ. ಹೋಲಿಕೆಯನ್ನೇ ನೆಂಟಸ್ತನವೆಂದು ಹೇಳಿಬಿಡುವ ಚಪಲಕ್ಕೆ ನಾನು ಬೀಳಲಾರೆ. ಶೀಬಾ ರಾಣಿಯ ಕಥೆ ಹುಟ್ಟಿದ್ದೂ ಅಂಥ ಚಪಲದಿಂದಲೇ. ಆದರೆ ಮಧ್ಯಾಹ್ನ ಎಲೆಯ ಮೇಲೆ ಬೀಳುವ ರಾಗಿಮುದ್ದೆಯ ವಿಷಯ ಹಾಗಲ್ಲ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಯಾವ ಕಾಲಕ್ಕೆ ಇಲ್ಲಿಗೆ ಬಂತೆಂಬುದರಲ್ಲಿ ಮಾತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ. ಇತ್ತ ಕಡೆಯಿಂದ ಹೋದ ಗಾಜಿನ ಮಣಿಗಳು ಅತ್ತ ದಕ್ಷಿಣ ಆಫ್ರಿಕದ ಹಳೆಯ ಪಟ್ಟಣಗಳ ಮಣ್ಣಿನಲ್ಲಿ ಸಿಕ್ಕಿವೆ. ಇಷ್ಟನ್ನು ಊಟದ ಹೊತ್ತಿನಲ್ಲಿ ಹೇಳಿದರೆ ಮಕ್ಕಳು ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಸಂಗಮದಿಂದ ಮುಡುಕುತೊರೆ. ಇಲ್ಲಿ ಅವಸರ ಕೂಡದು. ಗುಡ್ಡದ ಮೇಲೆ ಅರ್ಧ ಗಂಟೆಯಾದರೂ ಕುಳಿತು, ಹೊಳೆ ಯಾವ ದಡವನ್ನು ತಿನ್ನುತ್ತಿದೆ, ಯಾವ ದಡಕ್ಕೆ ಕಕ್ಕುತ್ತಿದೆ ಎಂದು ಪ್ರತಿಯೊಬ್ಬರೂ ತಾವೇ ಬೆರಳು ಮಾಡಿ ತೋರಿಸಬೇಕು. ಶಾಪದ ಕಥೆಯನ್ನು ನಾನು ಅಲ್ಲಿ ಹೇಳುತ್ತೇನೆ, ತಲಕಾಡಿನಲ್ಲಲ್ಲ. ಕಥೆ ಮುಗಿಯುವಷ್ಟರಲ್ಲಿ ಮಕ್ಕಳೇ ಮಾಲಂಗಿ ಯಾವ ಕಡೆ ಇರಬೇಕೆಂದು ಊಹಿಸುತ್ತಾರೆ. ಬಹಳ ಸಲ ಸರಿಯಾಗಿಯೇ ಊಹಿಸುತ್ತಾರೆ.

ತಲಕಾಡಿಗೆ ಹೋಗುವ ವೇಳೆಗೆ ಬಿಸಿಲು ಇಳಿದಿರುತ್ತದೆ, ಮರಳು ತಣ್ಣಗಾಗಿರುತ್ತದೆ. ನೆಟ್ಟು ಬೆಳೆಸಿದ ಮರಗಳ ನಡುವೆ ನಡೆದು, ಹಳ್ಳದಂತೆ ಕಾಣುವ ಜಾಗಗಳಲ್ಲಿ ಮೆಟ್ಟಿಲಿಳಿದು ದೇವಾಲಯಗಳಿಗೆ ಹೋಗಬೇಕು. ಪ್ರತಿಯೊಂದು ಮೆಟ್ಟಿಲೂ ಒಂದಿಷ್ಟು ಕಾಲವನ್ನು ಇಳಿಸುತ್ತದೆ. ಕಳೆದ ಸಲ ಪಾತಾಳೇಶ್ವರನ ಮೆಟ್ಟಿಲ ಮೇಲೆ ಒಬ್ಬ ಹುಡುಗಿ, “ಮೇಷ್ಟ್ರೇ, ಈಗಲೂ ಮರಳು ಬರುತ್ತಾ?” ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಕೆಳಗೆ ಕಸಬರಿಕೆ ಹಿಡಿದಿದ್ದ ಹೆಂಗಸು, “ಬರ್ದೆ ಏನವ್ವ, ದಿನಾ ಗುಡಿಸೋಳು ನಾನೇ ಅಲ್ವಾ” ಎಂದು ನಕ್ಕು, ಬಾಗಿಲ ಮೂಲೆಯಲ್ಲಿ ಕೂಡಿಹಾಕಿದ್ದ ಮರಳನ್ನು ಮೊರಕ್ಕೆ ಬಳಿದುಕೊಂಡಳು.